ಲಾಠಿಗೆ ಅಡ್ಡ ಬಂದ ಅಕ್ಕನ ಕೈ

ನನ್ನ ಅಕ್ಕ ಪೊಲೀಸ್. ಇದನ್ನು ಹೇಳಿದ ಕೂಡಲೇ ಎದುರಿನವರ ದನಿ ಸ್ವಲ್ಪ ತಗ್ಗುವುದನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ. ಅವಳು ಕಾನ್‌ಸ್ಟೇಬಲ್ ಆಗಿ ಸೇರಿದ ಮೇಲೆ ಜೆಪ್ಪುವಿನ ನಮ್ಮ ಓಣಿಯಲ್ಲಿ ಸ್ಕೂಟರಿನ ದಂಡದಿಂದ ಹಿಡಿದು ಪಾಸ್‌ಪೋರ್ಟಿನ ತನಿಖೆಯವರೆಗೆ ಎಲ್ಲದಕ್ಕೂ ಜನ ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ನನಗೆ ಮಾತ್ರ ಅವಳು ಎಂದೂ ಪೊಲೀಸ್ ಅನ್ನಿಸಿರಲಿಲ್ಲ. ಬಂಗುಡೆ ಸಾರಿನಲ್ಲಿ ದೊಡ್ಡ ತುಂಡು ತನಗೇ ಬೇಕು ಎಂದು ಮದುವೆಯಾದ ಮೇಲೂ ಜಗಳ ಮಾಡುತ್ತಿದ್ದವಳು ಅವಳು. ಭಾವ ದುಬೈಯಲ್ಲಿ ಕೆಲಸದಲ್ಲಿರುವುದರಿಂದ ಅಕ್ಕ ನಮ್ಮ ಜೊತೆಯಲ್ಲೇ ಇದ್ದಳು. ಮಳೆಗಾಲದಲ್ಲಿ ಅವಳ ಖಾಕಿ ಪ್ಯಾಂಟು ಫ್ಯಾನಿನ ಕೆಳಗೆ ಎರಡು ದಿನ ಒಣಗದೆ ನೇತಾಡಿ ಕೋಣೆಯೆಲ್ಲ ಮುಗ್ಗಲು ವಾಸನೆ ಬರುತ್ತಿತ್ತು. ಖಾಕಿ ಎಂದರೆ ನನಗೆ ಅಷ್ಟೇ.

ನಾನು ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯ ಎದುರಿನ ರಸ್ತೆಯಲ್ಲಿ ಒಂದು ಗುಂಡಿ ಇತ್ತು. ಮಳೆ ಬಂದಾಗ ಅದು ಕಾಣುತ್ತಿರಲಿಲ್ಲ, ಅಲ್ಲಿ ನೀರು ಮಾತ್ರ ಕಾಣುತ್ತಿತ್ತು. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ಆ ಗುಂಡಿಗೆ ಬಿದ್ದಳು. ಹಿಂದಿನಿಂದ ಬಂದ ಟ್ಯಾಂಕರಿಗೆ ಬ್ರೇಕ್ ಹಿಡಿಯಲು ಸಮಯವೇ ಇರಲಿಲ್ಲ. ಹುಡುಗಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು.

ಮರುದಿನ ಮಧ್ಯಾಹ್ನ ಸುತ್ತಮುತ್ತಲಿನ ಜನ ಬಂದು ರಸ್ತೆಯಲ್ಲಿ ಕುಳಿತರು. ಯಾವ ಪಕ್ಷದ ಬಾವುಟವೂ ಇರಲಿಲ್ಲ. ಸಿಟಿ ಬಸ್ಸುಗಳು ಸಾಲಾಗಿ ನಿಂತವು. ಪೊಲೀಸರು ಬಂದರು. ಕುಳಿತವರಲ್ಲಿ ಹೆಂಗಸರೂ ಇದ್ದ ಕಾರಣ ಮಹಿಳಾ ಕಾನ್‌ಸ್ಟೇಬಲ್‌ಗಳನ್ನೂ ಕರೆಸಿದ್ದರು. ಜೀಪಿನಿಂದ ಇಳಿದವರಲ್ಲಿ ಅಕ್ಕನೂ ಇದ್ದಳು. ಅವಳು ನನ್ನ ಅಂಗಡಿಯ ಕಡೆ ಒಮ್ಮೆ ನೋಡಿ ಗುರುತೇ ಇಲ್ಲದವಳಂತೆ ಮುಖ ತಿರುಗಿಸಿದಳು. ಡ್ಯೂಟಿಯಲ್ಲಿರುವಾಗ ಅವಳು ಯಾವಾಗಲೂ ಹಾಗೆಯೇ.

ಎರಡು ಗಂಟೆಯ ಹೊತ್ತು ಮಾತುಕತೆಯಲ್ಲೇ ಹೋಯಿತು. ಜಿಲ್ಲಾಧಿಕಾರಿ ಬರಲಿ ಎಂದು ಜನ, ಮೊದಲು ದಾರಿ ಬಿಡಿ ಎಂದು ಪೊಲೀಸರು. ಸಬ್ ಇನ್‌ಸ್ಪೆಕ್ಟರ್ ಹೊಸಬರು, ಘಟ್ಟದ ಮೇಲಿನವರು, ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವರು. ಅವರ ಕುತ್ತಿಗೆಯಿಂದ ಬೆವರು ಇಳಿದು ಶರ್ಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಆ ಹೊತ್ತಿಗೆ ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಮುಸ್ಲಿಂ ಮನುಷ್ಯ ನನ್ನ ಅಂಗಡಿಗೆ ಬಂದರು. ಐವತ್ತು ದಾಟಿದವರು, ಪ್ರತಿ ತಿಂಗಳು ಹೆಂಡತಿಗೆ ಇನ್ಸುಲಿನ್ ಕೊಂಡುಹೋಗುವ ಗಿರಾಕಿ. ಬಸ್ಸು ಮುಂದೆ ಹೋಗದ ಕಾರಣ ಹಿಂದಿನ ಸ್ಟಾಪಿನಿಂದ ನಡೆದೇ ಬಂದಿದ್ದರು.

"ಇವತ್ತು ಎಂತ ಮೇಡಂ, ಇಷ್ಟು ಜನ?" ಎಂದು ಕೇಳಿದರು.

ನಾನು ಹುಡುಗಿಯ ವಿಷಯ ಹೇಳಿದೆ. ಅವರು ನಾಲಿಗೆಯಿಂದ ಲೊಚಗುಟ್ಟಿ, "ಪಾಪ, ಯಾರ ಮಗುವೋ" ಎಂದರು. ಔಷಧಿಯನ್ನು ಐಸ್ ಪ್ಯಾಕಿನ ಜೊತೆ ಕಟ್ಟಿಕೊಟ್ಟೆ. ಅವರು ಮೆಟ್ಟಿಲು ಇಳಿದರು.

ಕಲ್ಲು ಎಲ್ಲಿಂದ ಬಂತೆಂದು ಇವತ್ತಿಗೂ ಯಾರಿಗೂ ತಿಳಿಯದು. ಜೀಪಿನ ಗಾಜು ಒಡೆದ ಸದ್ದು ಕೇಳಿತು. ಇನ್ನೊಂದು ಕಲ್ಲು ಒಬ್ಬ ಕಾನ್‌ಸ್ಟೇಬಲ್‌ನ ಕಿವಿಗೆ ತಾಗಿ ರಕ್ತ ಬಂತು. ಸಬ್ ಇನ್‌ಸ್ಪೆಕ್ಟರ್ ಏನೋ ಕೂಗಿದರು, ಅಷ್ಟಕ್ಕೇ ಲಾಠಿಗಳು ಎದ್ದವು. ಕುಳಿತಿದ್ದವರು ಎದ್ದು ಓಡಿದರು. ಚಪ್ಪಲಿ, ಕೊಡೆ, ನೀರಿನ ಬಾಟಲಿ ಎಲ್ಲ ರಸ್ತೆಯಲ್ಲಿ ಉಳಿದವು. ನಮ್ಮ ಅಂಗಡಿಯ ಮಾಲಕರು ಶಟರನ್ನು ಅರ್ಧ ಎಳೆದರು. ನಾನು ಬಗ್ಗಿ ಅದರ ಅಡಿಯಿಂದ ನೋಡುತ್ತಿದ್ದೆ.

ಓಡುತ್ತಿದ್ದವರ ನಡುವೆ ಸಿಕ್ಕಿಕೊಂಡ ಆ ಬ್ಯಾರಿ ಮನುಷ್ಯ ಫುಟ್‌ಪಾತಿನ ಅಂಚಿಗೆ ಎಡವಿ ಬಿದ್ದರು. ಔಷಧಿಯ ಕಟ್ಟು ಕೈಯಿಂದ ಜಾರಿ ದೂರ ಹೋಯಿತು. ಅವರು ಏಳುವುದನ್ನು ಬಿಟ್ಟು ಮಂಡಿಯ ಮೇಲೆ ತೆವಳುತ್ತಾ ಅದರ ಕಡೆ ಕೈ ಚಾಚಿದರು. ಕಲ್ಲು ಎತ್ತಲು ಹೋಗುತ್ತಿದ್ದಾರೆ ಎಂದು ಸಬ್ ಇನ್‌ಸ್ಪೆಕ್ಟರಿಗೆ ಅನ್ನಿಸಿತೋ ಏನೋ. ಅವರ ಲಾಠಿ ಬೆನ್ನಿಗೆ ಬಿತ್ತು. ಮತ್ತೊಂದು ಏಟು ಭುಜಕ್ಕೆ ಬಿತ್ತು. "ನಾನು ಎಂತ ಮಾಡಿದ್ದೇನೆ ಸಾರ್?" ಎಂದು ಅವರು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೂರನೆಯ ಸಲ ಲಾಠಿ ತಲೆಯ ನೇರಕ್ಕೆ ಎದ್ದಿತು.

ಅಕ್ಕ ಎಲ್ಲಿಂದ ಬಂದಳೋ. ನನ್ನ ಕಣ್ಣಿಗೆ ಕಂಡಾಗ ಅವಳು ಆಗಲೇ ಅವರಿಬ್ಬರ ಮಧ್ಯೆ ಇದ್ದಳು, ಎಡಗೈಯನ್ನು ಆ ಮನುಷ್ಯನ ತಲೆಯ ಮೇಲೆ ಅಡ್ಡ ಚಾಚಿದ್ದಳು. ಲಾಠಿ ಕೈಗೆ ಬಿತ್ತು. ಒಣ ತೆಂಗಿನ ಮಡಲು ಮುರಿದಂಥ ಸದ್ದು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸಾರ್, ಬಿದ್ದವನಿಗೆ ಹೊಡೆಯುವ ಹಾಗಿಲ್ಲ. ತಲೆಗೆ ಹೊಡೆಯುವ ಹಾಗೇ ಇಲ್ಲ" ಎಂದಳು. ಕೂಗಲಿಲ್ಲ. ಗ್ಯಾಸ್ ಆಫ್ ಮಾಡಿದ್ದೀಯಾ ಎಂದು ಮನೆಯಲ್ಲಿ ಕೇಳುವಾಗಿನ ದನಿಯೇ ಅದು.

"ಸರೀರಿ ಆ ಕಡೆ!"

"ಹಿಡಿಯುವುದಾದರೆ ಹಿಡಿಯಿರಿ ಸಾರ್. ಹೊಡೆಯುವುದು ಬೇಡ."

ಸಬ್ ಇನ್‌ಸ್ಪೆಕ್ಟರ್ ತನ್ನ ಲಾಠಿಯನ್ನು ನೋಡಿಕೊಂಡರು, ಆಮೇಲೆ ಅವಳ ಕೈಯನ್ನು ನೋಡಿದರು. ಮುಂಗೈ ಇರಬೇಕಾದ ಹಾಗೆ ಇರಲಿಲ್ಲ. ಅವರ ಮುಖದ ಬಣ್ಣ ಇಳಿದುಹೋಯಿತು. ನನ್ನ ಅಕ್ಕ ಅಷ್ಟು ಎತ್ತರದವಳೇನೂ ಅಲ್ಲ. ಆದರೆ ನೆಲಕ್ಕೆ ಬಗ್ಗಿ ಶಟರಿನಡಿಯಿಂದ ನೋಡುತ್ತಿದ್ದ ನನಗೆ ಆ ಹೊತ್ತು ರಸ್ತೆಯಲ್ಲಿ ಅವಳೊಬ್ಬಳೇ ನಿಂತಿದ್ದಂತೆ ಕಂಡಿತು. ಹುಟ್ಟಿದಾಗಿನಿಂದ ಜೊತೆಗಿದ್ದವಳ ಒಳಗೆ ಇಂಥ ಒಬ್ಬಳು ಇದ್ದಾಳೆಂದು ನನಗೆ ಯಾರೂ ಹೇಳಿರಲಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಮುಂಗೈಯ ಎರಡೂ ಮೂಳೆ ಮುರಿದಿದ್ದವು. ನಾನು ಹೋದಾಗ ಗಾಯದ ವರದಿ ಬರೆಯುವ ಡಾಕ್ಟರ್ ಇನ್ನೂ ಬಂದಿರಲಿಲ್ಲ, ಠಾಣೆಯ ಇನ್‌ಸ್ಪೆಕ್ಟರ್ ಬಂದು ಮಂಚದ ಪಕ್ಕ ಕುಳಿತಿದ್ದರು. ಒಳ್ಳೆಯ ಮಾತಿನ ಮನುಷ್ಯ.

"ನೋಡಮ್ಮ, ಗಲಾಟೆಯಲ್ಲಿ ಕಲ್ಲು ತಾಗಿತು ಅಂತ ಹೇಳಿದ್ರೆ ಆಯ್ತು. ನಿನಗೂ ಒಳ್ಳೆಯದು. ಕಮಿಷನರ್ ಸಾಹೇಬರ ಕೈಯಿಂದ ಪ್ರಶಂಸೆಯೂ ಸಿಗ್ತದೆ" ಎಂದರು.

ಅಕ್ಕ ಅವರನ್ನು ಕೇಳಿದಳು, "ಆ ಬಿದ್ದಿದ್ದ ಮನುಷ್ಯ ಎಲ್ಲಿದ್ದಾರೆ ಸಾರ್?"

"ಠಾಣೆಯಲ್ಲಿ."

"ಕಲ್ಲು ಅಂತ ಹೇಳಿದ್ರೆ ಆ ಕಲ್ಲು ಯಾರು ಹೊಡೆದದ್ದು ಅಂತ ಆಗ್ತದೆ?"

ಉತ್ತರ ನನಗೂ ಗೊತ್ತಾಯಿತು. ಪೊಲೀಸಿನವಳ ಕೈ ಮುರಿದ ಕೇಸಿಗೆ ಒಬ್ಬ ಆರೋಪಿ ಬೇಕು, ಒಬ್ಬರು ಆಗಲೇ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಬಂದು, "ಹೇಗೆ ಆಯ್ತು?" ಎಂದು ಕೇಳಿದಾಗ ಇನ್‌ಸ್ಪೆಕ್ಟರ್ ಅಲ್ಲೇ ಇದ್ದರು.

"ಲಾಠಿ ಏಟು. ನಮ್ಮ ಎಸ್‌ಐ ಸಾಹೇಬರ ಲಾಠಿ" ಎಂದಳು ಅಕ್ಕ.

ಡಾಕ್ಟರ್ ತಲೆ ಎತ್ತಿ ಇಬ್ಬರನ್ನೂ ನೋಡಿ, ಮತ್ತೆ ತಲೆ ತಗ್ಗಿಸಿ ಅದನ್ನೇ ಬರೆದುಕೊಂಡರು.

ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದ ಮೇಲೆ ಭಾವ ವಿಡಿಯೊ ಕಾಲ್ ಮಾಡಿದರು. "ನಿನಗೆ ಯಾಕೆ ಮಾರಾಯ್ತಿ ಇದೆಲ್ಲ? ನಾಳೆ ಅದೇ ಠಾಣೆಗೆ ಹೋಗಬೇಕಲ್ಲ ನೀನು. ಕಲ್ಲು ಅಂತ ಹೇಳಿಬಿಡು" ಎಂದು ಬೇಡಿಕೊಂಡರು. ಅವರ ಹಿಂದೆ ಕಂಪನಿಯ ರೂಮಿನ, ಒಂದರ ಮೇಲೊಂದು ಇಟ್ಟ ಮಂಚಗಳು ಕಾಣುತ್ತಿದ್ದವು. ಅಷ್ಟು ದೂರದಲ್ಲಿ ಕುಳಿತು ಹೆದರುವುದು ಇನ್ನೂ ಕಷ್ಟ ಎಂದು ನನಗೆ ಅನ್ನಿಸಿತು.

"ನೀವು ಊಟ ಮಾಡಿದ್ರಾ?" ಎಂದು ಅಕ್ಕ ಕೇಳಿದಳು. ಅವರು ಮತ್ತೆ ಮತ್ತೆ ಅದನ್ನೇ ಹೇಳಿದಾಗ, "ಹೇಳಿ ಆಗಿದೆ ಮಾರಾಯ್ರೆ. ಡಾಕ್ಟರ್ ಬರೆದೂ ಆಗಿದೆ" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟಳು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಆ ಮನುಷ್ಯನ ಮನೆಯವರ ನಂಬರ್ ನಿನ್ನ ಹತ್ತಿರ ಉಂಟಾ?" ಎಂದು ಕೇಳಿದಳು. ಇತ್ತು. ಇನ್ಸುಲಿನ್ ಸ್ಟಾಕ್ ಬಂದಾಗ ನಾನೇ ಅವರ ಹೆಂಡತಿಗೆ ಫೋನ್ ಮಾಡಿ ತಿಳಿಸುತ್ತಿದ್ದೆ.

"ಈಗಲೇ ಹೇಳು. ಒಬ್ಬ ವಕೀಲರನ್ನು ಕರ್ಕೊಂಡು ಹೋಗಲಿ. ಹಿಡಿದದ್ದು ಯಾಕೆ ಅಂತ ಅವರಿಗೆ ಹೇಳಲೇಬೇಕು, ಮನೆಗೆ ತಿಳಿಸಲೇಬೇಕು. ಪೆಟ್ಟಾದವನನ್ನು ಡಾಕ್ಟರಿಗೆ ತೋರಿಸಬೇಕು. ಇದೆಲ್ಲ ನಮಗೆ ಟ್ರೈನಿಂಗಿನಲ್ಲಿ ಮೊದಲ ವಾರವೇ ಕಲಿಸ್ತಾರೆ. ಆಮೇಲೆ ನಾವು ಮರೀತೇವೆ, ಜನರಿಗಂತೂ ಗೊತ್ತೇ ಇಲ್ಲ."

ನಾನು ಫೋನ್ ಮಾಡಿದೆ. ಗಂಡ ಇನ್ನೂ ಬಂದಿಲ್ಲವೆಂದು ಆ ಹೆಂಗಸು ಸಂಜೆಯಿಂದ ಬಸ್‌ಸ್ಟಾಪಿನಲ್ಲೇ ನಿಂತಿದ್ದರಂತೆ. ಆ ತನಕ ಯಾರೂ ಅವರಿಗೆ ತಿಳಿಸಿರಲಿಲ್ಲ. ತಮ್ಮ ಅಣ್ಣನನ್ನೂ ಒಬ್ಬ ವಕೀಲರನ್ನೂ ಕರೆದುಕೊಂಡು ಅವರು ಠಾಣೆಗೆ ಹೋದರು.

ಮರುದಿನ ನನಗೂ ಠಾಣೆಯಿಂದ ಕರೆ ಬಂತು. ಅಂಗಡಿಯಲ್ಲಿ ಆ ಬ್ಯಾರಿ ಮನುಷ್ಯ ಔಷಧಿ ಕೊಂಡದ್ದು ಹೌದೋ ಅಲ್ಲವೋ ಎಂದು ಹೇಳಿಕೆ ಕೊಡಬೇಕು, ಠಾಣೆಗೆ ಬನ್ನಿ ಎಂದರು. ಅಕ್ಕ ಪಕ್ಕದಲ್ಲಿ ಕುಳಿತು ಒಂದೇ ಕೈಯಿಂದ ದೋಸೆ ಮುರಿಯುತ್ತಿದ್ದಳು. "ಸಾಕ್ಷಿ ಹೇಳಲಿಕ್ಕೆ ಹೆಂಗಸರು ಠಾಣೆಗೆ ಹೋಗಬೇಕಾಗಿಲ್ಲ. ಅವರೇ ಮನೆಗೆ ಬಂದು ಕೇಳಬೇಕು. ಮರ್ಯಾದೆಯಿಂದ ಹೇಳು" ಎಂದಳು.

"ನಾನು ಖಂಡಿತ ಹೇಳ್ತೇನೆ ಸಾರ್. ನೀವು ದಯವಿಟ್ಟು ಮನೆಗೆ ಬನ್ನಿ" ಎಂದೆ. ಆ ಕಡೆಯವರು ಪಕ್ಕದಲ್ಲಿ ಯಾರನ್ನೋ ಕೇಳಿದರು. ಆಮೇಲೆ, "ಆಯ್ತು ಮೇಡಂ, ಬರ್ತೇವೆ" ಎಂದರು. ಫೋನ್ ಇಟ್ಟ ಮೇಲೆ ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕುಳಿತೆ. ಇಷ್ಟು ಸಣ್ಣ ವಾಕ್ಯಕ್ಕೆ ಒಂದು ಠಾಣೆಯನ್ನು ನಮ್ಮ ಜಗಲಿಗೆ ಕರೆಸುವ ಶಕ್ತಿ ಇದೆ ಎಂಬುದನ್ನು ನನಗೆ ನಂಬಲಾಗುತ್ತಿರಲಿಲ್ಲ. ಮಧ್ಯಾಹ್ನ ಒಬ್ಬ ಹೆಡ್ ಕಾನ್‌ಸ್ಟೇಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಬಂದು, ಅಮ್ಮ ಕೊಟ್ಟ ಶರಬತ್ತು ಕುಡಿದು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಓದಿ ಹೇಳಿದರು.

ಆ ದಿನ ಸಂಜೆಯೇ ಬ್ಯಾರಿ ಮನುಷ್ಯನನ್ನು ಕೇಸಿಲ್ಲದೆ ಬಿಟ್ಟರು. ಭುಜ ಊದಿತ್ತು, ತಲೆಗೆ ಏನೂ ಆಗಿರಲಿಲ್ಲ.

ಕೆಲವು ವಾರಗಳ ಬಳಿಕ ಸಹಾಯಕ ಪೊಲೀಸ್ ಆಯುಕ್ತರು ವಿಚಾರಣೆ ನಡೆಸಿದರು. ಒಳಗೆ ನಡೆದದ್ದನ್ನು ಅಕ್ಕ ಹೇಳಿಯೇ ನನಗೆ ಗೊತ್ತು. ಮೇಜಿನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಸಬ್ ಇನ್‌ಸ್ಪೆಕ್ಟರ್. ಅವರು ಮೊದಲು ಕೊಟ್ಟ ವರದಿಯಲ್ಲಿ ಕಲ್ಲು ಎಂದೇ ಇತ್ತು. ಅಕ್ಕ ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಕಾನ್‌ಸ್ಟೇಬಲ್‌ನ ಕಿವಿಗೆ ಕಲ್ಲು ಬಿದ್ದದ್ದನ್ನೂ ಬಿಡಲಿಲ್ಲ, ಸಾಹೇಬರು ಆ ಹೊತ್ತು ಗಾಬರಿಯಾಗಿದ್ದರು ಎಂಬುದನ್ನೂ ಬಿಡಲಿಲ್ಲ. "ಬಲ ಪ್ರಯೋಗಿಸುವ ಅಧಿಕಾರ ನಮಗೆ ಉಂಟು ಸಾರ್. ಬೇಕಾದಷ್ಟು ಮಾತ್ರ. ಓಡಲಿಕ್ಕೆ ಆಗದವನ ಮೇಲೆ ಬೇಕಾಗಿರಲಿಲ್ಲ" ಎಂದಳಂತೆ.

ಸಹಾಯಕ ಆಯುಕ್ತರು ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. ಅವರು ಅಕ್ಕನ ಪ್ಲಾಸ್ಟರನ್ನು ನೋಡಿ, "ಅವರು ಹೇಳಿದ್ದು ಖರೆ ಐತ್ರಿ ಸರ್. ನನ್ನ ಕೈ ನಿಲ್ಲಲಿಲ್ಲ" ಎಂದರಂತೆ.

ಇದನ್ನು ಹೇಳುವಾಗ ಅಕ್ಕನ ಕಣ್ಣು ತುಂಬಿತು. ಮೂಳೆ ಮುರಿದಾಗ ಅಳದವಳು. "ನನಗೆ ಹೇಳುವುದು ಸುಲಭ ಇತ್ತು, ಪೆಟ್ಟು ತಿಂದವಳು ನಾನು" ಎಂದಳು. "ಅವರಿಗೆ ಎಷ್ಟು ಕಷ್ಟ ಆಗಿರಬೇಕು ನೋಡು."

ಸಬ್ ಇನ್‌ಸ್ಪೆಕ್ಟರಿಗೆ ಸಂಬಳದ ಬಡ್ತಿ ತಡೆದು ಬೇರೆ ಜಿಲ್ಲೆಗೆ ವರ್ಗ ಮಾಡಿದರು. ಅದು ಸಾಕೇ ಎಂದು ಕೇಳಿದವರಿದ್ದಾರೆ. ಅಕ್ಕನನ್ನು ಠಾಣೆಯಿಂದ ದೇರೆಬೈಲ್ ಕಡೆಯ ಒಂದು ಕಚೇರಿಯ ಮೇಜಿನ ಕೆಲಸಕ್ಕೆ ಹಾಕಿದರು. ಕೈ ವಾಸಿಯಾಗಲಿ ಎಂದೋ, ಕಣ್ಣೆದುರಿನಿಂದ ಹೋಗಲಿ ಎಂದೋ ಯಾರೂ ಹೇಳಲಿಲ್ಲ. ಹಳೆಯ ಸಹೋದ್ಯೋಗಿಗಳು ಕೆಲವರು ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ವಾಟ್ಸ್ಯಾಪ್ ಗುಂಪಿನಿಂದ ಅವಳನ್ನು ತೆಗೆದಿದ್ದರು. ಅಷ್ಟರ ನಡುವೆ ಒಬ್ಬಳು ಮಾತ್ರ, ನನ್ನ ಹೇಳಿಕೆ ಬರೆದುಕೊಳ್ಳಲು ಬಂದಿದ್ದ ಆ ಮಹಿಳಾ ಕಾನ್‌ಸ್ಟೇಬಲ್, ಪ್ಲಾಸ್ಟರ್ ಇರುವಷ್ಟು ದಿನವೂ ಬೆಳಿಗ್ಗೆ ನಮ್ಮ ಮನೆಗೆ ಬಂದು ಅಕ್ಕನ ಕೂದಲನ್ನು ಯೂನಿಫಾರ್ಮಿಗೆ ಬೇಕಾದ ಹಾಗೆ ಎತ್ತಿ ಗಂಟು ಹಾಕಿ ಹೋಗುತ್ತಿದ್ದಳು. ನಾನು ಹಾಕಿದರೆ ಅದು ಮಧ್ಯಾಹ್ನದೊಳಗೆ ಬಿಚ್ಚಿಕೊಳ್ಳುತ್ತಿತ್ತು. ಅವಳು ವಿಚಾರಣೆಯ ಬಗ್ಗೆ ಒಂದು ಮಾತನ್ನೂ ಆಡಿದವಳಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಕ್ಕನ ಹಿಂದೆ ನಿಂತಿರುವ ಅವಳನ್ನು ನೋಡುವಾಗ, ಧೈರ್ಯಕ್ಕೆ ಎಷ್ಟು ಮುಖಗಳಿವೆಯಪ್ಪಾ ಎಂದು ನನಗೆ ಬೆರಗಾಗುತ್ತಿತ್ತು.

ಬ್ಯಾರಿ ಮನುಷ್ಯ ಹೆಂಡತಿಯ ಜೊತೆ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಇಬ್ಬರೂ ಅಮ್ಮ ಕೊಟ್ಟ ಚಹಾ ಕುಡಿದರು. ಕೊನೆಗೆ ಆ ಹೆಂಗಸು ಅಕ್ಕನ ಹತ್ತಿರ ಹೋಗಿ, "ಮುಟ್ಟಬಹುದಾ?" ಎಂದು ಕೇಳಿ, ಪ್ಲಾಸ್ಟರಿನ ಹೊರಗೆ ಕಾಣುತ್ತಿದ್ದ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಕ್ಕನಿಗೆ ಮುಜುಗರವಾಯಿತು. "ಶುಗರ್ ಈಗ ಹೇಗೆ ಉಂಟು?" ಎಂದು ಕೇಳಿದಳು.

ಅವರು ಹೋದ ಮೇಲೆ ನಾನು ಕೇಳಿಯೇಬಿಟ್ಟೆ. "ಆ ಹೊತ್ತು ನಿನಗೆ ಹೆದರಿಕೆ ಆಗಲಿಲ್ಲವಾ?"

"ಹೆದರಲಿಕ್ಕೆ ಸಮಯ ಎಲ್ಲಿ ಇತ್ತು? ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ಹೆದರಿಕೆ ಆಯ್ತು" ಎಂದಳು. "ಆಗ ಯೋಚನೆ ಮಾಡ್ಲಿಕ್ಕೆ ಸಮಯ ಇತ್ತಲ್ಲ."

ಮುಂದಿನ ವರ್ಷ ಬಂದೋಬಸ್ತಿಗೆ ಜನ ಸಾಲದೆ ಅವಳನ್ನು ಮತ್ತೆ ರಸ್ತೆಗೆ ಕರೆದರು. ಒಂದು ದೊಡ್ಡ ಮೆರವಣಿಗೆಯ ದಿನ ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎದುರು ಬದಿಯಲ್ಲಿ ಅವಳು ಕಂಡಳು. ಹಗ್ಗದ ಈಚೆ ನೂರಾರು ಜನ ಮುಂದಕ್ಕೆ ಒತ್ತುತ್ತಿದ್ದರು. ಅವಳು ಲಾಠಿಯನ್ನು ನೆಲಕ್ಕೆ ಊರಿ, ಪೂರ್ತಿ ನೇರವಾಗದ ಎಡಗೈಯನ್ನು ಎತ್ತಿ, "ಹಿಂದೆ ಹೋಗಿ, ಮೆಲ್ಲ ಹೋಗಿ, ಮಕ್ಕಳಿದ್ದಾರೆ" ಎನ್ನುತ್ತಿದ್ದಳು. ಜನ ಹಿಂದೆ ಸರಿದರು. ಆ ಕೈಯ ಕಥೆ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಅವಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಅನ್ನಿಸಿತು.