ಲೈನಿನವಳು ಭಾಗಮ್ಮ

ಲೈನ್ ಎಂದರೆ ಸಾಲುಮನೆ, ಅಷ್ಟೇ ಎಂದುಕೊಂಡವರು ಕಾಫಿ ಎಸ್ಟೇಟಿನಲ್ಲಿ ಒಂದು ದಿನವೂ ಬಾಳಿದವರಲ್ಲ ಬಿಡಿ. ಒಂದೇ ತಗಡಿನ ಕೆಳಗೆ ಹತ್ತು ಕೋಣೆ, ಕೋಣೆಗೊಂದು ಸಂಸಾರ. ಅಲ್ಲಿ ಹುಟ್ಟಿದವರು ಆಮೇಲೆ ಎಲ್ಲಿ ಹೋಗಿ ಏನೇ ಆದರೂ 'ಲೈನಿನವರು'. ಆಲ್ದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಭಾಗಮ್ಮ ನಾಲ್ಕನೇ ಕೋಣೆಯಲ್ಲಿ ಹುಟ್ಟಿದಳು, ಏಳನೆಯದಕ್ಕೆ ಮದುವೆಯಾಗಿ ಹೋದಳು, ಅಲ್ಲೇ ಯೋಗೇಶನನ್ನು ಹೆತ್ತಳು, ಅಲ್ಲೇ ಗಂಡನನ್ನು ಕಳೆದುಕೊಂಡಳು. ಮೂರು ಬಾಗಿಲು ದಾಟುವುದಕ್ಕೆ ಒಂದು ಜನ್ಮ ಹಿಡಿಯಿತು. 'ಲೈನಿನವರು' ಎನ್ನುವ ಆ ಮಾತು ತನ್ನ ತಲೆಗೇ ಮುಗಿಯಲಿ, ಮಗನಿಗೆ ಅಂಟದಿರಲಿ ಎನ್ನುವುದೊಂದೇ ಅವಳ ಆಸೆ.

ಯೋಗೇಶ ಬಿ.ಕಾಂ. ಮುಗಿಸಿ ಅದೇ ಎಸ್ಟೇಟಿಗೆ ರೈಟರ್ ಆದ, ಆಳುಗಳ ಲೆಕ್ಕ ಬರೆಯುವ ಗುಮಾಸ್ತ. ಮೊದಲ ದಿನ ಹಾಜರಿ ಪುಸ್ತಕ ಹಿಡಿದು "ಭಾಗಮ್ಮ" ಎಂದು ಕೂಗಿದಾಗ ಇವಳು, "ಬಂದೀನಿ ರೈಟ್ರೇ" ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳಿಗೆ ಮಾತ್ರ ಎದೆ ತುಂಬಿ ಬಂದಿತ್ತು.

ಆದರೆ ಹಿಂದಿನವರೆಲ್ಲ ಬರೀ 'ರೈಟ್ರು', ಇವನು 'ಲೈನ್ ರೈಟ್ರು'. ಅವರಿಗೆ ಸಾಹುಕಾರರ ಹಜಾರದಲ್ಲಿ ಕಾಫಿ, ಇವನಿಗೆ ಜಗಲಿಯಲ್ಲಿ. ಲೋಟ ತೊಳೆದಿಡುವುದೂ ಇವನೇ. ಸಾಹುಕಾರ ಗಂಗಾಧರಪ್ಪನವರು ಕೆಟ್ಟವರಲ್ಲ, ಬೈದು ಸಮಾಧಾನ ಮಾಡಿಕೊಳ್ಳೋಣ ಎಂದರೆ ಅದಕ್ಕೂ ದಾರಿಯಿಲ್ಲ! ಒಂದು ದಿನ ಕಣದಲ್ಲಿ ಕಾಫಿ ಹರವುತ್ತಿದ್ದ ಭಾಗಮ್ಮನ ಎದುರಿಗೇ ನೆಂಟರೊಬ್ಬರಿಗೆ ಹೇಳಿದರು: "ಬಂಗಾರದಂಥ ಹುಡುಗ ಮಾರಾಯ, ಲೈನಿನವನು ಅಂತ ಗೊತ್ತೇ ಆಗಲ್ಲ. ತಾಯಿ ಇಲ್ಲೇ ಓಡಾಡ್ತಾಳಲ್ಲ, ಅದಕ್ಕೆ ನೆನಪಾಗೋದು."

ಅಯ್ಯೋ, ಇಷ್ಟೇನಾ ಎನಿಸಿತು ಆ ಹುಚ್ಚು ತಾಯಿಗೆ. ತಾನು ಕಣ್ಮರೆಯಾದರೆ ಮಾತೂ ಮರೆಯಾದೀತು. ಕಳಸದ ಕಡೆ ಆಳು ಸಿಗದೆ ಒದ್ದಾಡುತ್ತಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದಳು ಮಗನಿಗೆ. ಅರವತ್ತು ದಾಟಿದವಳು. ಬೇಡಮ್ಮ ಎನ್ನಲಿ ಎಂದು ಕಾದಳು.

"ಬಸ್ ಎಷ್ಟೊತ್ತಿಗೆ?" ಎಂದ ಯೋಗೇಶ.

ಆಲ್ದೂರು ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದ, ಪಾಪ. ಕಿಟಕಿ ಪಕ್ಕದ ಸೀಟೂ ಹಿಡಿದುಕೊಟ್ಟ.

ಕಳಸದ ಎಸ್ಟೇಟಿನಲ್ಲಿ ಅವಳಿಗೆ ಸಿಕ್ಕಿದ್ದೂ ಲೈನಿನ ಕೋಣೆಯೇ. ಮೇಸ್ತ್ರಿ ಗುರುವಯ್ಯ ಮಕ್ಕಳೆಷ್ಟು ಎಂದು ಕೇಳಿದಾಗ "ಇಲ್ಲ" ಎಂದಳು. ಆ ಸಂಜೆ ಒಲೆ ಹಚ್ಚಲಿಲ್ಲ.

ಎರಡು ವರ್ಷ ಕಳೆಯಿತು. ಜೂನ್ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಪಿಕಪ್‌ನಲ್ಲಿ ಕಾಫಿ ಸಸಿ ಬಂದವು. ಡ್ರೈವರ್ ಹೊಸಬ. ಚೀಟಿ ತೆಗೆದು ಮೇಸ್ತ್ರಿಗೆ ಕೊಟ್ಟ.

"ಆಲ್ದೂರಿಂದ. ನಮ್ಮ ಲೈನ್ ರೈಟ್ರು ಕೊಟ್ಟಿದ್ದು."

ಸಸಿ ಇಳಿಸುತ್ತಿದ್ದ ಭಾಗಮ್ಮನ ಕೈ ನಿಂತಿತು.

"ಲೈನ್ ರೈಟ್ರಾ? ಅದೆಂತ ಹೆಸರು ಮಾರಾಯ?" ಎಂದ ಗುರುವಯ್ಯ.

"ಲೈನಲ್ಲಿ ಹುಟ್ಟಿದವ್ರಲ್ವಾ, ಎಲ್ರೂ ಹಂಗೇ ಕರೆಯೋದು. ಈಗ ಅವ್ರಿಗೆ ಅಲ್ಲಿ ಯಾರೂ ಇಲ್ಲ. ಅಮ್ಮ ಎಲ್ಲಿ ಅಂತ ಒಂದ್ಸಲ ಕೇಳಿದ್ದೆ. ತೀರಿಹೋದ್ರು ಅಂದ್ರು."

"ಏ ಭಾಗಮ್ಮ, ನೀನೂ ಆಲ್ದೂರು ಕಡೆಯವಳಲ್ವಾ? ಗೊತ್ತಾ ಅವ್ರು?"

"ಇಲ್ಲ" ಎಂದಳು ಭಾಗಮ್ಮ. ಸಸಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ತೋಟದ ಕಡೆ ಹೊರಟಳು.