ಹಿಮದ ಕಾಲುವೆಯ ತೊಮಿಯೆ

ತೊಮಿಯೆಗೆ ಕೂತಲ್ಲಿ ಕೂರಲಿಕ್ಕೆ ಬರುವುದಿಲ್ಲ ಅನ್ನುವುದು ಜಪಾನಿನ ಅಓಮೊರಿ ಊರಿನ ನಮ್ಮ ಇಳಿಜಾರು ಬೀದಿಗೆಲ್ಲ ಗೊತ್ತು. ವಯಸ್ಸು ಅರವತ್ತಮೂರು. ಗಂಡ ತೀರಿಕೊಂಡು ಒಂಬತ್ತು ವರ್ಷ, ಮೀನಿನ ಅಂಗಡಿಯ ಕೆಲಸ ಬಿಟ್ಟು ಮೂರು. ಚಳಿಗಾಲ ಬಂತೆಂದರೆ ಸಾಕು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಬೀದಿಯ ಮೇಲಕ್ಕೂ ಕೆಳಕ್ಕೂ ತಿರುಗುತ್ತಿರುತ್ತಾಳೆ. ಹಿಮದ ಕಾಲುವೆ ನೋಡಿಕೊಳ್ಳುವುದು ಅವಳ ಕೆಲಸ. ವರ್ಷಕ್ಕೊಂದು ಮನೆಯಂತೆ ಸರದಿಯ ಮೇಲೆ ಹೊರಬೇಕಾದ ಈ ತಲೆನೋವನ್ನು ಅವಳೇ ಕೇಳಿ ಪಡೆದು, ಎರಡನೇ ವರ್ಷವೂ ಬಿಟ್ಟುಕೊಡದೆ ಇಟ್ಟುಕೊಂಡಳು. "ಎಂಥ ಪುಣ್ಯಾತ್ಗಿತ್ತಿ!" ಎಂದು ಬೀದಿಯವರು ಸೊಂಟ ಬಗ್ಗಿಸಿ ವಂದಿಸಿದರು. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಅವಳನ್ನು ತಿರುಗಿಸುತ್ತಿದ್ದದ್ದು ಬೇರೆಯೇ.

ಬೀದಿಯ ಅಂಚಿನಲ್ಲಿ, ಕಬ್ಬಿಣದ ಜಾಲರಿಗಳ ಕೆಳಗೆ ಕಾಲುವೆ ಹರಿಯುತ್ತದೆ. ಬೆಳಿಗ್ಗೆ ಆರೂವರೆಗೆ ನಗರಸಭೆಯವರು ಪಂಪು ಹಾಕಿ ನೀರು ಬಿಡುತ್ತಾರೆ, ಎಂಟಕ್ಕೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಮನೆಮನೆಯವರೂ ತಂತಮ್ಮ ಜಾಲರಿ ಎತ್ತಿ, ಬಾಗಿಲ ಮುಂದಿನ ಹಿಮವನ್ನು ನೀರಿಗೆ ತಳ್ಳಿ ಮುಗಿಸಬೇಕು. ಒಂದೇ ಒಂದು ನೇಮ: ಮುಷ್ಟಿಗಿಂತ ದೊಡ್ಡ ಗಡ್ಡೆ ಹಾಕಕೂಡದು. ಹಾಕಿದರೆ ಅದು ಕೆಳಗಿನ ತಿರುವಿನಲ್ಲಿ ಸಿಕ್ಕಿಕೊಂಡು, ನೀರು ಉಕ್ಕಿ, ಕೊನೆಯ ಮನೆಗೆ ನುಗ್ಗುತ್ತದೆ. ಕೊನೆಯ ಮನೆ, ಮನೆಗಳ ನೆಲಕ್ಕೆ ಹಾಸುವ ದಪ್ಪ ತತಾಮಿ ಚಾಪೆ ಹೊಲಿಯುವ ಯೊಸಾಕು ಅಜ್ಜನದು.

ಎರಡು ವರ್ಷದ ಹಿಂದಿನ ಜನವರಿ. ರಸ್ತೆಯ ಹಿಮ ತಳ್ಳುವ ಗಾಡಿ ಹಾದುಹೋಗುವಾಗ ಎಲ್ಲರ ಬಾಗಿಲಿಗೂ ಕಲ್ಲಿನಂಥ ಗಡ್ಡೆಗಳನ್ನು ಒತ್ತರಿಸಿ ಹೋಗುತ್ತದೆ. ಅದಕ್ಕೆ ಶಾಪ ಹಾಕದವರು ನಮ್ಮೂರಲ್ಲಿ ಹುಟ್ಟಿಲ್ಲ. ಎಂಟಕ್ಕೆ ಇನ್ನು ಕಾಲು ಗಂಟೆ ಇತ್ತು. ತೊಮಿಯೆಯ ಬಾಗಿಲಲ್ಲಿ ದೊಡ್ಡ ಕಲ್ಲಂಗಡಿಯಷ್ಟು ಗಡ್ಡೆ. ಒಡೆಯೋಣವೆಂದರೆ ಸೊಂಟ ಮಾತು ಕೇಳಲಿಲ್ಲ. "ಹಾಳಾಗ್ ಹೋಗು!" ಎಂದು ಬೂಟುಗಾಲಲ್ಲಿ ಒದ್ದು, ಇಡಿಯಾಗಿ ಕಾಲುವೆಗೆ ಉರುಳಿಸಿ ಜಾಲರಿ ಮುಚ್ಚಿದಳು. ಹತ್ತು ನಿಮಿಷದಲ್ಲಿ ಅಜ್ಜನ ಕೆಲಸದ ಕೋಣೆ ಕೆರೆಯಾಯಿತು. ಬೌದ್ಧ ಮಂದಿರಕ್ಕೆಂದು ಹೊಲಿದಿಟ್ಟಿದ್ದ ಮೂವತ್ತು ಚಾಪೆ ನೀರುಪಾಲಾದವು.

ಬೀದಿಯ ಮೇಲ್ತುದಿಯ ಮಿಕಾಮಿ ಆ ವರ್ಷವಷ್ಟೇ ಹಿಮ ಚಿಮ್ಮಿಸುವ ಯಂತ್ರ ಕೊಂಡಿದ್ದ. ಅಷ್ಟು ಸಾಕಾಯಿತು ಜನಕ್ಕೆ.

"ಯಂತ್ರ ಹಚ್ಚಿ ಕಾಲುವೆಗೇ ತುಂಬಿಸಿದಾನೆ ಅಯೋಗ್ಯ! ಅವನೇ ಅಲ್ವೇನೇ ತೊಮಿಯೆ?" ಎಂದು ಅಜ್ಜ ಕೇಳಿದ.

ತೊಮಿಯೆ "ಹೂಂ" ಅಂದಳು. ಅಷ್ಟೇ ಅಂದದ್ದು.

ಅಂದಿನಿಂದ ಮಿಕಾಮಿ ಕಾಲುವೆಯ ಸಹವಾಸವನ್ನೇ ಬಿಟ್ಟ. ಯಂತ್ರ ಮಾರಿದ. ತನ್ನ ಮನೆಯ ಹಿಮವನ್ನು ಕೈಜಾರುಬಂಡಿಗೆ ತುಂಬಿ, ನದಿಯ ಪಕ್ಕದ ಬಯಲಿನವರೆಗೆ ಎಳೆದು ಸುರಿದು ಬರುತ್ತಿದ್ದ. ಅವನ ಜಾಲರಿಯ ಮೇಲೆ ಈ ಸಲದ ಮೊದಲ ಹಿಮವೇ ಗಟ್ಟಿಯಾಗಿ ಕೂತಿತ್ತು. ದಿನಾ ಅದರ ಪಕ್ಕದಲ್ಲೇ ಹಾಯುತ್ತಿದ್ದ ತೊಮಿಯೆ ದಿನಾ ಅದನ್ನು ನೋಡುತ್ತಿದ್ದಳು. ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದಳು. ನಾಳೆ ಬಂದರೆ ನಾಲಿಗೆ ಹೊರಳುತ್ತಿರಲಿಲ್ಲ.

ಈ ಫೆಬ್ರವರಿಯ ಒಂದು ಬೆಳಿಗ್ಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಬೀದಿಯೆಲ್ಲ ಸಲಿಕೆಗಳ ಗದ್ದಲ. ತೊಮಿಯೆ ಜಾಲರಿಯಿಂದ ಜಾಲರಿಗೆ ಬಗ್ಗಿ ಬಗ್ಗಿ ಕಿವಿಗೊಡುತ್ತ ಇಳಿಯುತ್ತಿದ್ದಾಗ, ಗಳಗಳ ಎನ್ನುತ್ತಿದ್ದ ನೀರು ಒಮ್ಮೆಲೇ ಗುಟುಕರಿಸತೊಡಗಿತು. ಕೆಳಗೆಲ್ಲೋ ಗಡ್ಡೆ ಸಿಕ್ಕಿಕೊಂಡಿದೆ!

"ಹಾಕ್ಬೇಡ್ರೋ! ನಿಲ್ಸಿ, ಎಲ್ರೂ ನಿಲ್ಸಿ!" ಎಂದು ಸೀಟಿ ಊದುತ್ತ ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದಳು. ಅಜ್ಜನ ಹೊಸಿಲಿಗೆ ಇನ್ನು ಮೂರು ಬೆರಳು ಬಾಕಿ. ಉದ್ದನೆಯ ಗಳು ತೂರಿಸಿ, ತಿರುವಿನಲ್ಲಿ ಕಚ್ಚಿಕೊಂಡಿದ್ದ ಗಡ್ಡೆಯನ್ನು ಕುಟ್ಟಿದಳು, ಕುಟ್ಟಿದಳು, ತೋಳು ಬಿದ್ದುಹೋಗುವ ಹಾಗೆ ಕುಟ್ಟಿದಳು. ಕೊನೆಗೂ ಅದು ಒಡೆದು ನೀರು ಇಳಿಯಿತು.

ನೀರು ಇಳಿದರೂ ಅಜ್ಜನ ಸಿಟ್ಟು ಇಳಿಯಬೇಕಲ್ಲ! "ಮತ್ತೆ ಅದೇ ಮಿಕಾಮಿ! ಇವತ್ತು ಅವನ ಜಾಲರಿಗೆ ಸರಪಳಿ ಬಿಗಿದು ಬೀಗ ಹಾಕ್ದೆ ಇದ್ರೆ ನಾನು ಯೊಸಾಕುನೇ ಅಲ್ಲ" ಎಂದು ಹಾರೆ, ಸರಪಳಿ ಹಿಡಿದು ಹೊರಟೇಬಿಟ್ಟ.

"ಹಾಕಿ ಅಜ್ಜ, ಬುದ್ಧಿ ಬರ್ಲಿ" ಎಂದು ಎದುರುಮನೆಯ ಹೆಂಗಸು ಬೇರೆ ತುಪ್ಪ ಸುರಿದಳು.

ಎಂಬತ್ತರ ಮುದುಕ ಏದುಸಿರು ಬಿಡುತ್ತ ದಿಬ್ಬ ಹತ್ತಿದ. ಹಿಂದೆಯೇ ತೊಮಿಯೆ. ಮಿಕಾಮಿಯ ಬಾಗಿಲ ಮುಂದೆ ಅಜ್ಜ ಹಿಮ ಕೆದರಿ, ಜಾಲರಿಯ ಸಂದಿಗೆ ಹಾರೆ ಹಾಕಿ ಮೀಟಿದ. ಅದು ಅಲುಗಲಿಲ್ಲ. ಮೇಲೆ ಅಂಗೈ ದಪ್ಪ ಮಂಜುಗಡ್ಡೆ.

"ಇದೇನೇ ಇದು? ಇದನ್ನ ತೆಗೆದೇ ಇಲ್ವಲ್ಲ!"

ಅವಳು ಬಾಯಿ ಮುಚ್ಚಿಕೊಂಡೇ ಇದ್ದಿದ್ದರೂ ನಡೆಯುತ್ತಿತ್ತು. ಇವತ್ತಿನದು ಬೇರೆ ಯಾರದೋ ಎಂದು ಅಜ್ಜ ಗೊಣಗುತ್ತ ಹಿಂತಿರುಗುತ್ತಿದ್ದ. ಆದರೆ ತೊಮಿಯೆಗೆ ಸಾಕಾಗಿಹೋಗಿತ್ತು.

"ಇವತ್ತಿಂದು ಯಾರದೋ ನಂಗೊತ್ತಿಲ್ಲ ಅಜ್ಜ. ಅವತ್ತಿಂದು ನಂದು. ಒಡೀದೆ ಒದ್ದು ಹಾಕ್ದೆ. ಮಿಕಾಮಿ ಅಲ್ಲ, ನಾನು."

ಬೈಯುತ್ತಾನೆ, ಹಾರೆ ಎತ್ತಿದರೂ ಎತ್ತಿದನೇ ಎಂದು ಕಣ್ಣು ಮುಚ್ಚಿಕೊಂಡಳು. ಅಜ್ಜ ಹಾರೆಯನ್ನು ಮೆಲ್ಲಗೆ ಹಿಮಕ್ಕೆ ಊರಿದ.

"ಚಾಪೆ ಹಾಳಾಗ್ ಹೋಗ್ಲಿ, ಮತ್ತೆ ಹೊಲ್ದೆ," ಎಂದ ಆಮೇಲೆ. "ಹೋದ ವರ್ಷ ಇವನ ಹೆಂಡ್ತಿ ಸಚಿಯೊ ಸತ್ಲಲ್ಲೇ. ಅವಳು ಮದುವೆಯಾಗಿ ಬಂದಾಗ ಈ ಮನೆಗೆ ಚಾಪೆ ಹಾಸಿದವನು ನಾನು. ಹೆಣ ಮನೇಲಿದ್ದಾಗ ಒಂದು ಊದುಬತ್ತಿ ಹಚ್ಚೋಕೂ ನಾನು ಬರ್ಲಿಲ್ಲ ಕಣೇ. ಬೀದಿಯವ್ರು ಯಾರೂ ಬರ್ಲಿಲ್ಲ. ನಿನ್ನ ಒಂದು ಹೂಂ ನಂಬ್ಕೊಂಡು."

ತೊಮಿಯೆಯೂ ಬಂದಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರುವುದು?

ಬಾಗಿಲು ಸರಿಯಿತು. ಮಿಕಾಮಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು. ಅಜ್ಜ ಹಾರೆ ಕೆಳಗಿಟ್ಟು, ಟೊಪ್ಪಿ ತೆಗೆದ.

"ಮಿಕಾಮಿ, ಈಗ್ಲಾದ್ರೂ ಒಂದು ಊದುಬತ್ತಿ ಹಚ್ಚೋಕೆ ಬಿಡ್ತೀಯಾ?"

"ಒಳಗೆ ಬನ್ನಿ ಅಜ್ಜ."

ತೊಮಿಯೆಯೂ ಒಂದು ಹೆಜ್ಜೆ ಇಟ್ಟಳು.

"ನೀವು ಬೇಡ ತೊಮಿಯೆಯಕ್ಕ," ಎಂದ ಮಿಕಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗೆ, ಊದುಬತ್ತಿ ಹಚ್ಚಿದ ಮೇಲೆ ಬಾರಿಸುವ ದೇವರಗೂಡಿನ ಗಂಟೆ ಒಂದೇ ಸಲ ಕೇಳಿಸಿತು. ತೊಮಿಯೆ ಮೂಗು ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಅವನ ಜಾರುಬಂಡಿಯನ್ನು ಎಳೆದುಕೊಂಡಳು. ಅವನ ಬಾಗಿಲ ಹಿಮ ತುಂಬಿದಳು, ಬಯಲಿನವರೆಗೆ ಎಳೆದು ಸುರಿದಳು, ಬಂದು ಮತ್ತೆ ತುಂಬಿದಳು. ಎಂಟಕ್ಕೆ ಕಾಲುವೆಯ ನೀರು ನಿಂತಿತು, ಆ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದವರೆಗೂ ಎಳೆದಳು. ಅಷ್ಟರಲ್ಲಿ ಅಜ್ಜ ಹೊರಬಂದು, ಅವಳ ಕಡೆ ನೋಡದೆ ಇಳಿದುಹೋದ. ಮಿಕಾಮಿ ಬಾಗಿಲು ತೆರೆದು ಬೇಡ ಎನ್ನಲಿಲ್ಲ, ಸಾಕು ಎಂದೂ ಅನ್ನಲಿಲ್ಲ.