ಹಿಂದಿನ ಖೋಲಿಗೊಂದು ರೂಟರ್

ಮುಚ್ಚಿದ ಡಬ್ಬಿ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಚಿಕ್ಕವನಿದ್ದಾಗ ರೇಡಿಯೊ, ಗಡಿಯಾರ, ಒಮ್ಮೆ ಪಕ್ಕದ ಮನೆಯವರ ಮಿಕ್ಸರ್ ಕೂಡ ಬಿಚ್ಚಿದ್ದೇನೆ. ಅವುಗಳಲ್ಲಿ ಅರ್ಧದಷ್ಟನ್ನು ಮತ್ತೆ ಕೂಡಿಸಿದ್ದೂ ಇದೆ. ಈಗ ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೇನೆ, ಅಂದರೆ ಬಿಚ್ಚುವುದಕ್ಕೇ ಪಗಾರ. ಮನೆ ಹಲಗೇರಿಯಲ್ಲಿ. ಅಲ್ಲಿ ಅವ್ವ, ಅಕ್ಕ, ನಾನು, ಮೂರೇ ಮಂದಿ.

ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಊರಲ್ಲಿ ಕೆಲವರು ಈಗಲೂ ಅವಳನ್ನು ‘ಮೂಕಿ’ ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಏಕೆಂದರೆ ನಮ್ಮ ಮನೆಯಲ್ಲಿ ಅವಳಷ್ಟು ಮಾತಾಡುವವರು ಬೇರೆ ಯಾರೂ ಇಲ್ಲ. ಕೈಯಿಂದ ಮಾತಾಡುತ್ತಾಳೆ, ಹುಬ್ಬಿನಿಂದ ಬೈಯುತ್ತಾಳೆ. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ ಸನ್ನೆ ಅರ್ಧ, ಮನೆಯಲ್ಲಿ ನಾವೇ ಕಟ್ಟಿಕೊಂಡದ್ದು ಅರ್ಧ. ಅವಳ ಕೈ ಆಡಿದ್ದು ನನ್ನ ತಲೆಯೊಳಗೆ ನಮ್ಮೂರ ಮಾತಾಗಿಯೇ ಬರುತ್ತದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲೆಲ್ಲ ಅವಳು ತಿಂಗಳಿಗೊಮ್ಮೆ ಹಾವೇರಿಗೆ ಹೋಗುತ್ತಿದ್ದಳು. ಶಾಲೆಯ ಹಳೆಯ ಗೆಳತಿಯರು ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಒಂದೇ ಬೆಂಚಿನ ಮೇಲೆ ಕೂತು, ಸಂಜೆಯ ಬಸ್ಸಿನವರೆಗೆ ಮಾತಾಡುವುದು. ಕೈಯಲ್ಲಿ ಒಳ್ಳೆಯ ಫೋನ್ ಬಂದ ಮೇಲೆ ವಿಡಿಯೊ ಕಾಲ್ ಶುರುವಾಯಿತು. ಮನೆಗೆ ವೈಫೈ ಬಂತು. ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ನಮ್ಮದು ಹಳೆಯ ಮನೆ. ಗೋಡೆಗಳು ಮಣ್ಣಿನವು, ಎರಡು ಮೊಳ ದಪ್ಪ. ರೂಟರ್ ಇರುವುದು ಪಡಸಾಲೆಯಲ್ಲಿ. ಅಕ್ಕ ಬ್ಲೌಸ್ ಹೊಲಿಯುವ ಮಷಿನ್ ಇರುವುದು ಹಿಂದಿನ ಖೋಲಿಯಲ್ಲಿ. ವೈಫೈ ಅಲ್ಲಿಗೆ ಮುಟ್ಟುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಒಂದೇ ಕಡ್ಡಿ. ಹೀಗಾಗಿ ಫೋನ್ ಬಂದಾಗೆಲ್ಲ ಅವಳು ಹೊಲಿಗೆ ಬಿಟ್ಟು ಪಡಸಾಲೆಗೋ ಹೊರಗಿನ ಕಟ್ಟೆಗೋ ಬರಬೇಕು. ಕಟ್ಟೆಯ ಮುಂದೆ ಹೋಗುವವರು ನಿಂತು ನೋಡುತ್ತಾರೆ. ಒಳಗಾದರೆ ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿರುತ್ತಾಳೆ, ಅವಳಿಗೆ ಸನ್ನೆಯೆಲ್ಲ ತಿಳಿಯುತ್ತದೆ. ಕಿವಿ ಇದ್ದವರು ಗುಟ್ಟು ಹೇಳಬೇಕಾದರೆ ದನಿ ತಗ್ಗಿಸುತ್ತಾರೆ. ಅಕ್ಕ ಏನನ್ನು ತಗ್ಗಿಸಬೇಕು? ಸೆರಗಿನ ಮರೆಯಲ್ಲಿ ಬೆರಳು ಚಿಕ್ಕದಾಗಿ ಆಡಿಸುತ್ತಿದ್ದಳು. ಅದನ್ನು ನೋಡಿದರೆ ನನಗೆ ಪಾಪ ಎನಿಸುತ್ತಿತ್ತು.

ಒಂದು ದಿನ ನನ್ನನ್ನು ನಿಲ್ಲಿಸಿ ಹೇಳಿದಳು: “ಹಿಂದಿನ ಖೋಲ್ಯಾಗ ವೈಫೈ ಬರೂ ಹಂಗ ಮಾಡು. ಬಾಗಲಾ ಹಾಕ್ಕೊಂಡು ಮಾತಾಡಬೇಕು ನಾ.”

ಹೊಸ ಯಂತ್ರ ಒಂದನ್ನು ತಂದು ಹಚ್ಚಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ನನ್ನ ಹುಚ್ಚು ಬಿಡಬೇಕಲ್ಲ.

ಆ ವಾರ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಕಂಪ್ಯೂಟರ್ ನೋಡಲು ಹೋಗಿದ್ದೆ. ಮೂಲೆಯಲ್ಲಿ ಒಂದು ಹಳೆಯ ರೂಟರ್ ಬಿದ್ದಿತ್ತು, ಬಿಳಿಯದು, ಈಗ ಕೆಂಪಗಾಗಿತ್ತು. ಮುಚ್ಚಳ ತೆಗೆದಿದ್ದೇ ತಡ, ವರ್ಷಗಟ್ಟಲೆ ಒಳಗೆ ಕೂತಿದ್ದ ಮೆಣಸಿನಕಾಯಿ ಘಾಟು ಅಂಗಡಿಯವರನ್ನೆಲ್ಲ ಸೀನಿಸಿಬಿಟ್ಟಿತು. ಮಾಲೀಕರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, “ಯಪ್ಪಾ, ಮೊದಲ ಅದನ್ನ ಮುಚ್ಚರಿ! ನೀವ ಒಯ್ದು ಬಿಡ್ರಿ, ಪುಣ್ಯಾ ಬರತೈತಿ” ಎಂದರು. ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವುದರೊಳಗೆ ಪಕ್ಕದವರು ನಾಲ್ಕು ಸಲ ಸೀನಿ, “ಮೆಣಸಿನಕಾಯಿ ಒಯ್ಯಾಕತ್ತೀರೇನ್ರಿ?” ಎಂದು ಕೇಳಿದರು. “ಇಲ್ರಿ, ವೈಫೈ” ಎಂದೆ. ಅವರು ಎದ್ದು ಹಿಂದಿನ ಸೀಟಿಗೆ ಹೋದರು.

ರೂಟರ್ ಅಂದರೆ ಒಂದು ಸಣ್ಣ ಕಂಪ್ಯೂಟರೇ. ಅದರೊಳಗೆ ಕಂಪನಿಯವರು ತುಂಬಿದ ತಂತ್ರಾಂಶ ಇರುತ್ತದೆ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಈ ರೂಟರಿನ ಫರ್ಮ್‌ವೇರಿಗೆ ಇನ್ನೊಂದು ರೂಟರಿನ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಬುದ್ಧಿ ಇರಲಿಲ್ಲ. ಆದರೆ ಜಗತ್ತಿನಲ್ಲಿ ನನ್ನಂಥ ಹುಚ್ಚರು ಬೇಕಾದಷ್ಟಿದ್ದಾರೆ. ಅವರೆಲ್ಲ ಸೇರಿ ಬೇರೊಂದು ಫರ್ಮ್‌ವೇರ್ ಬರೆದು ಬಯಲಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರಲ್ಲಿ ನಮಗೆ ಬೇಕಾದದ್ದನ್ನಷ್ಟೇ ಆರಿಸಿ, ಮನುಷ್ಯರು ಬರೆದದ್ದನ್ನು ಆ ಚಿಪ್ಪಿಗೆ ತಿಳಿಯುವ ರೂಪಕ್ಕೆ ಇಳಿಸಬೇಕು. ಅದೇ ಕಂಪೈಲ್ ಮಾಡುವುದು.

ಒಂದು ಭಾನುವಾರ ಬೆಳಿಗ್ಗೆ ಕೂತೆ. ಪರದೆಯ ಮೇಲೆ ಉದ್ದಾನುದ್ದ ಪಟ್ಟಿ. ಬೇಕಾದುದರ ಮುಂದೆ ಚುಕ್ಕೆ ಇಡಬೇಕು, ಬೇಡವಾದದ್ದರ ಚುಕ್ಕೆ ತೆಗೆಯಬೇಕು. ಎಲ್ಲವೂ ಬೇಕು ಎನಿಸಿತು, ಎಲ್ಲಕ್ಕೂ ಇಟ್ಟೆ. ಹಳೆಯ ಲ್ಯಾಪ್‌ಟಾಪ್ ಸಂಜೆ ಹಾಲು ಕರೆಯುವ ಹೊತ್ತಿನವರೆಗೂ ಬುಸುಗುಟ್ಟಿ, ಕೊನೆಗೆ ‘ಜಾಗ ಸಾಲದು’ ಎಂದಿತು. ರೂಟರಿನ ಹೊಟ್ಟೆ ಎಂಟು ಎಂಬಿ, ನಾನು ತುರುಕಿದ್ದು ಹನ್ನೊಂದು. ಅವ್ವ ತೊಟ್ಟು ಮುರಿಯುವ ಕೈ ನಿಲ್ಲಿಸದೆ, “ಕೆಲಸಿಲ್ಲದ ಬಡಗ್ಯಾ ಮಗನ ಕುಂಡಿ ಕೆತ್ತಿದ್ನಂತ” ಎಂದಳು. ಮುಂದಿನ ಭಾನುವಾರ ಪ್ರಿಂಟರಿನದು, ಪೆನ್‌ಡ್ರೈವಿನದು, ಏನೇನೋ ತೆಗೆದೆ. ಈ ಸಲ ಹಿಡಿಸಿತು. ಆದರೆ ರೂಟರಿಗೆ ತುಂಬಿದೊಡನೆ ಅದು ಕಲ್ಲಿನಂತೆ ಕೂತುಬಿಟ್ಟಿತು, ಒಂದು ದೀಪವೂ ಇಲ್ಲ. ಒಂದೇ ಮಾದರಿಯಲ್ಲಿ ಎರಡು ಪೀಳಿಗೆಗಳಿದ್ದವು, ನಾನು ತುಂಬಿದ್ದು ಇನ್ನೊಂದರದು. ಕೆಳಗಿನ ಚೀಟಿಯ ಮೇಲಿನ ಕೆಂಪು ಪುಡಿ ಒರೆಸಿದ್ದರೆ ನನಗೆ ಅದು ಕಾಣುತ್ತಿತ್ತು. ಗುಂಡಿ ಒತ್ತಿ ಹಿಡಿದು ಕರೆಂಟು ಕೊಟ್ಟರೆ ಇಂಥ ರೂಟರ್ ಒಂದು ಕ್ಷಣ ಎಚ್ಚತ್ತು ಕೇಬಲ್ಲಿನಲ್ಲಿ ‘ಯಾರಾದರೂ ಇದ್ದೀರಾ’ ಎಂದು ಕೇಳುತ್ತದೆ. ಆಗ ಸರಿಯಾದ ಫೈಲ್ ಕೊಟ್ಟರೆ ಬದುಕುತ್ತದೆ. ಎಂಟನೆಯ ಸಲಕ್ಕೆ ದೀಪ ಹತ್ತಿತು. ನಾನು ಕೂಗಿದ ಕೂಗಿಗೆ ಅವ್ವ ಬೆಚ್ಚಿಬಿದ್ದಳು.

ಸರಿಯಾದ ಪೀಳಿಗೆಗೆ ಮತ್ತೆ ಕಂಪೈಲ್ ಮಾಡುವಾಗ ಸ್ವಲ್ಪ ಜಾಗ ಉಳಿಯಿತು. ಉಳಿದಿದೆಯಲ್ಲ ಎಂದು ಒಂದು ಸಣ್ಣ ತಂತ್ರಾಂಶ ಸೇರಿಸಿದೆ. ಯಾವ ಹೊತ್ತಿಗೆ ಎಷ್ಟು ಡೇಟಾ ಹೋಯಿತು, ಎಷ್ಟು ಬಂತು ಎಂದು ಗೆರೆ ಎಳೆದು ತೋರಿಸುವಂಥದ್ದು. ಯಾಕೆ ಎಂದು ಯಾರಾದರೂ ಕೇಳಿದ್ದರೆ, ಸುಮ್ಮನೆ ನೋಡೋಣ ಎಂದು, ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ರೂಟರನ್ನು ಹಿಂದಿನ ಖೋಲಿಯ, ಒಳಂಗಳದ ಕಡೆಯ ಕಿಟಕಿಯಲ್ಲಿ ಇಟ್ಟೆ. ಅಕ್ಕ ಅವತ್ತೇ ಬಾಗಿಲು ಹಾಕಿಕೊಂಡು ಫೋನ್ ಹಚ್ಚಿದಳು. ಹೊರಗೆ ನಮಗೆ ಕೇಳಿದ್ದು ಎರಡೇ: ಖುಷಿಯಾದಾಗ ಅವಳು ಮಷಿನ್ನಿನ ಹಲಗೆಗೆ ಬಡಿಯುವ ಸದ್ದು, ಆಮೇಲೆ ಅವಳ ನಗು. ತನ್ನ ನಗು ಎಷ್ಟು ಜೋರೆಂದು ಅವಳಿಗೆ ಗೊತ್ತಿಲ್ಲ. ಅಷ್ಟು ಜೋರಾಗಿ ಅವಳು ನಕ್ಕಿದ್ದನ್ನು ನಾನು ಕೇಳಿ ಬಹಳ ದಿನವಾಗಿತ್ತು. ಹೊರಬಂದು ನನ್ನ ತಲೆಗೊಂದು ಪ್ರೀತಿಯ ಏಟು ಕೊಟ್ಟಳು.

ಗೆರೆ ನೋಡುವ ಚಟ ಶುರುವಾಯಿತು. ಸಂಜೆ ಮನೆಗೆ ಬಂದು ಚಹಾ ಕುಡಿಯುವಾಗ ಲ್ಯಾಪ್‌ಟಾಪಿನಿಂದ ರೂಟರ್ ಒಳಗೆ ಹೋಗಿ ನೋಡುವುದು. ಹೆಚ್ಚಿನ ದಿನ ಮಧ್ಯಾಹ್ನ ಊಟವಾದ ಮೇಲೆ ಗೆರೆ ಗುಡ್ಡದಂತೆ ಏರುತ್ತಿತ್ತು. ಸಿನಿಮಾ ನೋಡಿದರೆ ಬರುವ ಡೇಟಾದ ಗೆರೆ ಮಾತ್ರ ಏರುತ್ತದೆ. ಇಲ್ಲಿ ಹೋಗುವುದೂ ಬರುವುದೂ ಸಮಸಮ. ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಇಷ್ಟು ತಿಳಿದದ್ದಕ್ಕೇ ನನಗೆ ಸಂಭ್ರಮ. ಆಮೇಲೆ ಇನ್ನೊಂದು ಕಂಡಿತು. ವಾರದಲ್ಲಿ ಕೆಲವು ದಿನ ಗುಡ್ಡವೇ ಇಲ್ಲ, ನೆಲ ಸಪಾಟು. ಯಾವ ದಿನಗಳೆಂದು ತಾಳೆ ಹಾಕಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಜೋರಾಗಿರುವ ದಿನಗಳು! ಆ ದಿನ ಅಲ್ಲಿ ಹಮಾಲರಿಗೂ ತೂಕ ಮಾಡುವವರಿಗೂ ಉಸಿರಾಡಲು ಪುರಸೊತ್ತಿರುವುದಿಲ್ಲ. ನಾನು ತೊಡೆ ತಟ್ಟಿಕೊಂಡೆ. ಒಂದು ಮಾತನ್ನೂ ಕೇಳದೆ, ಒಂದು ಮುಖವನ್ನೂ ನೋಡದೆ, ಎಲ್ಲ ಹಿಡಿದುಬಿಟ್ಟೆ ಎನಿಸಿತು.

ಹಿಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೂ ಒಂದು ಮಾತಿತ್ತು. ಭಾನುವಾರ ಮೂವರೂ ರೊಟ್ಟಿ ತಿನ್ನುತ್ತಿದ್ದಾಗ ಕೈಯಾಡಿಸಿ ಕೇಳಿಯೇಬಿಟ್ಟೆ: “ಮಾರ್ಕೆಟ್ ದಿನ ನಿನ್ನ ಫೋನ್ ಬರೂದಿಲ್ಲಲ್ಲ. ಅವರು ಬ್ಯಾಡಗ್ಯಾಗ ಇರ್ತಾರೇನು?”

ಅಕ್ಕನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ನಿನಗ ಹೆಂಗ ಗೊತ್ತಾತು?” ಎಂದಳು. ನಾನು ದಡ್ಡ. ಅವಳು ಮೆಚ್ಚಿಕೊಂಡು ಕೇಳುತ್ತಿದ್ದಾಳೆಂದೇ ತಿಳಿದು, ಲ್ಯಾಪ್‌ಟಾಪ್ ತಂದು ಗೆರೆಗಳನ್ನೆಲ್ಲ ತೋರಿಸಿದೆ. ಅಷ್ಟರಲ್ಲಿ ಅವ್ವ ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಕೇಳಿದಳು: “ಯಾರದಾರ ಬ್ಯಾಡಗ್ಯಾಗ?”

ಅಕ್ಕ ತಾಟಿನಲ್ಲೇ ಕೈ ತೊಳೆದು ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಯಿಂದ ಆಡಿದ ಮಾತಿಗೂ ಅದು ಸಲ್ಲುತ್ತದೆ.

ಮರುದಿನದಿಂದ ಗೆರೆ ಸಪಾಟು. ಎರಡನೆಯ ದಿನವೂ, ಆ ವಾರವೆಲ್ಲ. ಫೋನ್ ಬಂದು ದೀಪ ಮಿನುಗಿದರೆ ಅದನ್ನು ಕವುಚಿ ಹಾಕುತ್ತಿದ್ದಳು. ಖೋಲಿಯ ಬಾಗಿಲನ್ನು ಹಾರುಹೊಡೆದು, ಯಾರು ಬೇಕಾದರೂ ನೋಡಿಕೊಳ್ಳಿ ಎಂಬಂತೆ ಕೂತು ಹೊಲಿಯುತ್ತಿದ್ದಳು. ಮುಂದೆ ಹೋಗಿ ನಿಂತರೆ ತಲೆ ಎತ್ತುತ್ತಿರಲಿಲ್ಲ. ಅವಳು ನೋಡದಿದ್ದರೆ ನಾನು ಮಾತಾಡುವ ಹಾಗೇ ಇಲ್ಲ. ಕೊನೆಗೆ ಮಷಿನ್ನಿನ ಚಕ್ರವನ್ನು ಹಿಡಿದು ನಿಲ್ಲಿಸಿದೆ. ಅವಳು ತಲೆ ಎತ್ತಿದಳು. “ತಪ್ಪಾತು” ಎಂದೆ. ಅವಳು ಬಟ್ಟೆ ಬದಿಗಿಟ್ಟು ಹೇಳಿದಳು:

“ಕಟ್ಟೀ ಮ್ಯಾಲ ಕುಂತಾಗ ಮಂದಿ ನೋಡೂದು ನನಗ ಕಾಣತಿತ್ತು. ನೀ ನೋಡೂದು ನನಗ ಕಾಣಲಿಲ್ಲ.”

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಊರವರು ಅವಳನ್ನು ನೋಡುತ್ತಾರೆಂದು ಸಿಟ್ಟಾಗುತ್ತಿದ್ದವನು ನಾನೇ.

ಮುಂದಿನ ಭಾನುವಾರ ಲ್ಯಾಪ್‌ಟಾಪನ್ನು ಹಿಂದಿನ ಖೋಲಿಗೇ ಒಯ್ದು ಅವಳ ಮಷಿನ್ನಿನ ಹಲಗೆಯ ಮೇಲಿಟ್ಟೆ. ಪಟ್ಟಿ ತೆರೆದು, ಗೆರೆ ಎಳೆಯುವ ತಂತ್ರಾಂಶ ಯಾವುದೆಂದು ತೋರಿಸಿದೆ. ಅದರ ಮುಂದಿನ ಚುಕ್ಕೆಯನ್ನು ಅವಳೇ ತೆಗೆದಳು. ಇಷ್ಟಕ್ಕೆ ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಅವಳು ನನ್ನ ಅಂಗಿ ಹಿಡಿದು ಕೂರಿಸಿದಳು. ಪಟ್ಟಿಯ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು, “ಇದು ಏನ್ ಮಾಡತೈತಿ? ಇದು ನೋಡತೈತೇನು?” ಎಂದಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಗಡಿಯಾರ ಹೊಂದಿಸುವುದು, ಮನೆಯ ಫೋನುಗಳಿಗೆಲ್ಲ ಒಂದೊಂದು ನಂಬರು ಹಂಚುವುದು, ಹೊರಗಿನವರನ್ನು ತಡೆಯುವುದು. ಅರ್ಧಕ್ಕರ್ಧ ಸನ್ನೆ ಇರಲಿಲ್ಲ, ಅಲ್ಲೇ ಕಟ್ಟಿದೆವು. ಅವಳ ಕಣ್ಣು ಅರಳಿತ್ತು. ಬಿಚ್ಚಿ ನೋಡುವ ಹುಚ್ಚು ನನ್ನೊಬ್ಬನದೇ ಎಂದುಕೊಂಡಿದ್ದೆ.

ಒಂದು ಸಾಲಿನ ಹತ್ತಿರ ನಾನು ಸ್ವಲ್ಪ ತಡವರಿಸಿದೆ. ಅದು ಹೊರಗೆ ಕೂತು ರೂಟರಿನ ಒಳಗೆ ಹೋಗಲು ಇರುವ ಇನ್ನೊಂದು ದಾರಿ, ಹಿಂಬಾಗಿಲಿನಂಥದ್ದು.

“ಇದು ಯಾರ ಬಾಗಲಾ?”

“ನಂದು. ಕೆಟ್ರ ಒಳಗ ಬಂದು ರಿಪೇರಿ ಮಾಡಾಕ.”

“ಕೆಟ್ರ ನಾ ಕರೀತೇನಿ” ಎಂದು ಅದರ ಚುಕ್ಕೆಯನ್ನೂ ತೆಗೆದಳು.

ಕಂಪೈಲ್ ಶುರುವಾಯಿತು. ಅರ್ಧ ಕೆಲಸ ಮೊದಲೇ ಆಗಿದ್ದರಿಂದ ಈ ಸಲ ಬಹಳ ಹೊತ್ತು ಹಿಡಿಯಲಿಲ್ಲ. ಪರದೆಯ ಮೇಲೆ ಅಕ್ಷರಗಳು ಸರಸರನೆ ಮೇಲೇರುವುದನ್ನು ಅವಳು ಎವೆ ಮುಚ್ಚದೆ ನೋಡಿದಳು. ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು, ಒಳಗಿನ ಫ್ಯಾನಿನ ನಡುಕ ಹಿಡಿದು, “ಭಾಳ ಕೆಲಸ ಮಾಡಾಕತ್ತೈತಿ” ಎಂದಳು. ಅವ್ವ ಬಾಗಿಲಿಗೆ ಬಂದು ಇಣುಕಿ, ಏನನ್ನೋ ಕೇಳಲು ಕೈ ಎತ್ತಿ, ಕೇಳದೆ ಹೋದಳು. ಬ್ಯಾಡಗಿಯಲ್ಲಿ ಇರುವವರು ಯಾರೋ, ಗೆಳತಿಯೋ ಮತ್ತಾರೋ, ನನಗೂ ಇವತ್ತಿನವರೆಗೆ ಗೊತ್ತಿಲ್ಲ. ತಿಳಿಯುವ ಆಸೆ ಹೋಗಿದೆಯೇ ಎಂದರೆ, ಹೋಗಿಲ್ಲ.

ಹೊಸ ಫರ್ಮ್‌ವೇರ್ ಹಾಕಿದೆ. ರೂಟರ್ ಎದ್ದು ಕೂತು, ಇನ್ನು ಮುಂದೆ ಒಳಗೆ ಬರುವವರಿಗೆ ಪಾಸ್‌ವರ್ಡ್ ಏನಿರಬೇಕು ಎಂದು ಕೇಳಿತು. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅವಳು ಬೆರಳನ್ನು ಗಾಳಿಯಲ್ಲಿ ಸುತ್ತಿ ತೋರಿಸಿದಳು: ಆ ಕಡೆ ಮುಖ ಮಾಡು. ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತೆ.

ಹಳೆಯ ಲ್ಯಾಪ್‌ಟಾಪ್, ಅದರ ಕೀಲಿಗಳದ್ದು ದೊಡ್ಡ ಸದ್ದು. ಟಕ್. ಟಕ್. ಉದ್ದನೆಯ ಕೀಲಿಯ ಸದ್ದೇ ಬೇರೆ, ಮೂಲೆಯದರ ಸದ್ದೇ ಬೇರೆ. ದಿನವೆಲ್ಲ ಇದೇ ಕೆಲಸ ಮಾಡುವವನಿಗೆ ಯಾವ ಕೀಲಿ ಒತ್ತಿದರೆಂದು ಬೇಡವೆಂದರೂ ಗೊತ್ತಾಗುತ್ತದೆ. ಮೂರು ಅಕ್ಷರ ಎಣಿಸಿಯೇಬಿಟ್ಟಿದ್ದೆ. ಕೀಲಿಗಳು ಸದ್ದು ಮಾಡುತ್ತವೆಂದು ಅಕ್ಕನಿಗೆ ಯಾರೂ ಯಾವತ್ತೂ ಹೇಳಿರಲಿಕ್ಕಿಲ್ಲ.

ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಅವಳು ಬಂದು ಹೆಗಲು ತಟ್ಟುವವರೆಗೆ ಹಾಗೆಯೇ ನಿಂತೆ.